ತುಟಿಯ ಮೇಲಿನ ಉರಿ

ನಮ್ಮ ಮನೆಯಲ್ಲಿ ಬುಧವಾರ ಬಂತೆಂದರೆ ನಾನು ಬೆಳಗಿನಿಂದಲೇ ಹಿತ್ತಲಿನಲ್ಲಿ ಕೆಲಸ ಹುಡುಕಿಕೊಳ್ಳುತ್ತಿದ್ದೆ. ಸೋಮವಾರ ಶಿವನ ವಾರ, ಮಂಗಳವಾರ ಮತ್ತು ಶುಕ್ರವಾರ ಎಲ್ಲಮ್ಮನ ವಾರ, ಗುರುವಾರ ಮಠದ ಅಜ್ಜನವರದು, ಶನಿವಾರ ಹನುಮಪ್ಪನದು. ಭಾನುವಾರ ಗಂಡಸರು ಮನೆಯಲ್ಲಿರುತ್ತಿದ್ದರು. ಹೀಗೆ ದೇವರೂ ಗಂಡಸರೂ ಹಂಚಿಕೊಂಡ ಮೇಲೆ ಉಳಿದದ್ದು ಬುಧವಾರ ಒಂದೇ, ಅದು ನನ್ನ ಮೀಸೆಯ ವಾರ. ಬೈಲಹೊಂಗಲದ ಪೇಟೆ ಓಣಿಯಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ದಪ್ಪ ಗೋಡೆ, ಕಿಟಕಿ ಕಡಿಮೆ. ನಡುಮನೆಗೆ ಬೆಳಕು ಬರುತ್ತಿದ್ದದ್ದು ಮಾಳಿಗೆಯ ಬೆಳಕಿಂಡಿಯಿಂದ ಮಾತ್ರ. ಅಪ್ಪ, ದೊಡ್ಡಪ್ಪ ರೊಟ್ಟಿ ತಿಂದು ಹತ್ತಿಯ ದಲಾಲಿ ಅಂಗಡಿಗೆ ಹೋದ ಮೇಲೆ, ಹನ್ನೊಂದರ ಸುಮಾರಿಗೆ, ಆ ಕಿಂಡಿಯ ಬಿಸಿಲು ನೆಲದ ಮೇಲೆ ಚೌಕಾಕಾರವಾಗಿ ಬೀಳುತ್ತಿತ್ತು. ಆ ಚೌಕದೊಳಗೆ ನನ್ನ ಮುಖ ಇರಬೇಕು. ದೊಡ್ಡವ್ವ ನೆರಳಿನಲ್ಲಿ ಕುಳಿತು ನನ್ನ ಗದ್ದ ಹಿಡಿದು ಎತ್ತುತ್ತಿದ್ದಳು. ದೊಡ್ಡವ್ವ ಎಂದರೆ ದೊಡ್ಡಪ್ಪನ ಹೆಂಡತಿ, ಹೆಸರು ನೀಲವ್ವ. ಅಜ್ಜಿ ಸತ್ತ ಮೇಲೆ ಮನೆಯ ಕೀಲಿಕೈ ಗೊಂಚಲು ಆಕೆಯ ಸೊಂಟಕ್ಕೆ ಬಂದಿತ್ತು, ಅದರ ಜೊತೆಗೆ ನಾವೂ ಬಂದೆವು.

ಹದಿನಾಲ್ಕರಲ್ಲಿ ಅದನ್ನು ಮೊದಲು ಕಂಡುಹಿಡಿದವಳೂ ಆಕೆಯೇ. ಊಟಕ್ಕೆ ಬಡಿಸುತ್ತಿದ್ದ ನನ್ನನ್ನು ನಿಲ್ಲಿಸಿ, ಮುಖವನ್ನು ಬಾಗಿಲ ಬೆಳಕಿಗೆ ತಿರುಗಿಸಿ, ಸಂತೆಯಲ್ಲಿ ಬದನೆಕಾಯಿ ನೋಡುವಂತೆ ನೋಡಿದಳು. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ತಲೆ ಎತ್ತಲಿಲ್ಲ.

"ಏನವಾ ಇದು, ತುಟಿ ಮ್ಯಾಲೆ ಕರಿ ಎಳ್ಳ ಬಿತ್ತ್ಯಾರಲ್ಲ! ಇದು ನಿಮ್ಮ ಮನಿತನದ್ದ ನೋಡ. ನಮ್ಮ ಕಿತ್ತೂರ ಕಡೆ ಹೆಣ್ಣ ಹುಡುಗ್ಯಾರ ತುಟಿ ಮ್ಯಾಲೆ ಬೆವರ ಅಷ್ಟ ಬರ್ತೈತಿ."

ಆ ದಿನದಿಂದ ಕುಳ್ಳಿನ ಬೂದಿ ಶುರುವಾಯಿತು. ಒಲೆಯಿಂದ ತೆಗೆದ ಸಗಣಿ ಕುಳ್ಳಿನ ಬೂದಿಯನ್ನು ಸೋಸಿ, ನನ್ನ ತುಟಿಗೂ ಗದ್ದಕ್ಕೂ ಬಳಿದು, ಹಿಡಿತ ಸಿಕ್ಕ ಮೇಲೆ ಎರಡು ಬೆರಳ ಉಗುರಿನಲ್ಲಿ ಒಂದೊಂದೇ ಕೂದಲು ಕೀಳುವುದು. ಬೂದಿಗೆ ಸಿಗದ ಸಣ್ಣವಕ್ಕೆ ದಾರ. ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಆಕೆ ಕತ್ತರಿ ಆಡಿಸಿದ ಹಾಗೆ ಕೈ ಆಡಿಸುತ್ತಿದ್ದಳು. ಬಾಯಿ ಕಟ್ಟಿರುತ್ತಿದ್ದ ಆ ಹತ್ತು ನಿಮಿಷ ಮಾತ್ರ ಮನೆ ನಿಶ್ಶಬ್ದವಾಗಿರುತ್ತಿತ್ತು. ಕಣ್ಣಲ್ಲಿ ತಾನಾಗಿಯೇ ನೀರು ಬರುತ್ತಿತ್ತು. ದಾರ ಉಗುಳಿ ಬೈಯುತ್ತಿದ್ದಳು:

"ಅಳಾಕ ಏನಾಗೈತಿ? ಗಂಡಸಾಗಿ ಹುಟ್ಟಿದ್ರ ದಿನಾ ಬೋಳಿಸ್ಕೋತಿದ್ದಿ."

ಸಂಜೆಯ ಹೊತ್ತಿಗೆ ಕಿತ್ತ ಜಾಗವೆಲ್ಲ ಕೆಂಪಾಗುತ್ತಿತ್ತು. ಮರುದಿನ ಸಣ್ಣ ಸಣ್ಣ ಗುಳ್ಳೆ, ಅದರ ಮರುದಿನ ಗುಳ್ಳೆಯ ತುದಿಗೆ ಕೀವು, ಆಮೇಲೆ ತುರಿಕೆ. ತುರಿಸಿಕೊಂಡರೆ ಕೈಗೆ ಪೆಟ್ಟು. ಅರಿಷಿಣ ಹಚ್ಚಿದರು, ಹಾಲಿನ ಕೆನೆ ಹಚ್ಚಿದರು, ಹಿತ್ತಲಿನ ತುಳಸಿ ಅರೆದು ಹಚ್ಚಿದರು, ಒಮ್ಮೆ ನಿಂಬೆಹುಳಿ ಹಿಂಡಿದರು. ನಿಂಬೆಹುಳಿಯ ದಿನ ನಾನು ಬಚ್ಚಲಿನಲ್ಲಿ ಗೋಡೆಗೆ ಹಣೆ ಕೊಟ್ಟು ನಿಂತಿದ್ದೆ. ಹೊಸ ಔಷಧಿ ಏನೇ ಬಂದರೂ ಹಳೆಯ ಗುಳ್ಳೆ ಮಾಯುವ ಮೊದಲೇ ಮುಂದಿನ ಬುಧವಾರ ಬರುತ್ತಿತ್ತು. ಅವ್ವ ಮಾತ್ರ ಯಾರೂ ಇಲ್ಲದಾಗ ಮಣ್ಣಿನ ಗಡಿಗೆಯ ತಣ್ಣೀರಿನಲ್ಲಿ ಹಳೆಯ ಧೋತರದ ಚೂರು ಅದ್ದಿ, ಹಿಂಡಿ, ನನ್ನ ಕೈಗೆ ಕೊಡುತ್ತಿದ್ದಳು. ಅದೊಂದೇ ನಿಜವಾಗಿ ಉರಿ ಇಳಿಸುತ್ತಿದ್ದದ್ದು. ಆದರೆ ಬಟ್ಟೆ ಕೊಟ್ಟವಳು ಒಂದು ಮಾತು ಕೊಡಲಿಲ್ಲ. ವಾರಗಿತ್ತಿಯ ಎದುರು ನಿಂತು ಸಾಕು ಬಿಡಕ್ಕಾ ಎಂದು ಒಂದು ಸಲ ಅಂದಿದ್ದರೆ ಆಕೆಯ ಗಂಟೇನೂ ಹೋಗುತ್ತಿರಲಿಲ್ಲ. ಆ ಸಿಟ್ಟು ನನಗೆ ಈಗಲೂ ಇದೆ, ಇಲ್ಲವೆಂದು ಬರೆದರೆ ಸುಳ್ಳಾಗುತ್ತದೆ.

ಇತ್ತ ಅಪ್ಪನ ಗಡ್ಡದ ವೈಭವ ನೋಡಬೇಕಿತ್ತು. ಒಂದು ದಿನ ಬಿಟ್ಟು ಒಂದು ದಿನ ಪಡಸಾಲೆಯ ಕಂಬಕ್ಕೆ ಕನ್ನಡಿ ತೂಗುಹಾಕಿ, ಸ್ಟೂಲಿನ ಮೇಲೆ ಕುಳಿತು, ಓಣಿಯಲ್ಲಿ ಹೋಗಿಬರುವವರನ್ನೆಲ್ಲ ಮಾತಾಡಿಸುತ್ತ ಬೋಳಿಸಿಕೊಳ್ಳುತ್ತಿದ್ದರು. ಬಿಸಿನೀರು ತರಲು ನಾನು, ಟಾವೆಲ್ ತರಲು ನಾನು. ಬ್ಲೇಡು ತಾಗಿ ಒಂದು ಹನಿ ರಕ್ತ ಬಂದರೆ ಮನೆಯ ಹೆಂಗಸರೆಲ್ಲ ಅಯ್ಯಯ್ಯ ಎನ್ನುತ್ತಿದ್ದರು. ಕೊನೆಗೆ ತುರಟಿ ಕಲ್ಲನ್ನು, ಅಂದರೆ ಪಟಿಕವನ್ನು, ನೀರಿನಲ್ಲಿ ಅದ್ದಿ ಗದ್ದಕ್ಕೆ ತಿಕ್ಕಿಕೊಂಡು ಹಾಯ್ ಎನ್ನುತ್ತಿದ್ದರು. ಆ ಕಲ್ಲಿನಿಂದ ಉರಿ ಹೋಗುತ್ತದೆ ಎಂದು ನಾನು ಒಮ್ಮೆ ಕದ್ದು ತುಟಿಗೆ ತಿಕ್ಕಿಕೊಂಡೆ. ದೊಡ್ಡವ್ವ ಹಿಂದಿನಿಂದ ಬಂದು ಕಿತ್ತುಕೊಂಡಳು.

"ಗಂಡಸರ ಸಾಮಾನ ಮುಟ್ಟತಿ? ನಿಮ್ಮಪ್ಪಗ ಗೊತ್ತಾದ್ರ ಏನ ತಿಳಕೊಂಡಾನು? ತನ್ನ ಮಗಳು ಬೋಳಿಸ್ಕೋತಾಳ ಅಂತ ತಿಳಕೊಳ್ಳಲೇನು?"

ಅಪ್ಪನಿಗೆ ಗೊತ್ತಾಗಬಾರದು ಎನ್ನುವುದು ಮನೆಯ ಹೆಂಗಸರ ಕಾಯಿದೆಯಾಗಿತ್ತು. ನಾಲ್ಕು ವರ್ಷ ನನ್ನ ಮುಖದ ಮೇಲೆ ಗುಳ್ಳೆ ಬಂದು ಹೋದವು, ಅಪ್ಪ ಅದನ್ನು ವಯಸ್ಸಿನ ಮೊಡವೆ ಎಂದುಕೊಂಡಿದ್ದರು. ಅಥವಾ ಏನೂ ಅಂದುಕೊಂಡಿರಲಿಲ್ಲ. ನಮ್ಮ ಕಡೆ ಆಗ ಅಪ್ಪಂದಿರು ಬೆಳೆದ ಮಗಳ ಮುಖ ನೋಡಿ ಮಾತಾಡುತ್ತಿರಲಿಲ್ಲ, ಗೋಡೆಗೋ ಗಡಿಯಾರಕ್ಕೋ ಹೇಳುತ್ತಿದ್ದರು, ನಾವು ಕೇಳಿಸಿಕೊಳ್ಳುತ್ತಿದ್ದೆವು. ಆ ಹೊತ್ತಿಗೆ ನನ್ನ ಪಿಯುಸಿ ಮುಗಿದಿತ್ತು. ಶಿಕ್ಷಕಿಯಾಗುವ ತರಬೇತಿಗೆ ಅರ್ಜಿ ಹಾಕುತ್ತೇನೆ ಎಂದಿದ್ದೆ. ಅರ್ಜಿ ಹಾಕಲು ಅಡ್ಡಿಯಿಲ್ಲ, ನೋಡಲು ಬರುವವರು ಬಂದು ಹೋಗಲಿ ಎಂದರು. ನೋಡಲು ಬರುವವರು ರಾಮದುರ್ಗದವರು. ಆ ಸಂಬಂಧ ತಂದವಳು ಎದುರು ಮನೆಯ ಗೌರಕ್ಕ. ಆಕೆಯ ತಂಗಿಯನ್ನು ಹುಡುಗನ ಮನೆಯ ಓಣಿಗೇ ಕೊಟ್ಟಿದ್ದರು. ಗೌರಕ್ಕನಿಗೆ ಬೆಳಿಗ್ಗೆ ತಿಳಿದದ್ದು ಮಧ್ಯಾಹ್ನದ ಬಸ್ಸಿಗೆ ರಾಮದುರ್ಗ ಮುಟ್ಟುತ್ತಿತ್ತು.

ಇನ್ನು ಎಂಟು ದಿನಕ್ಕೆ ಅವರು ಬರುತ್ತಾರೆ ಎನ್ನುವ ಬುಧವಾರ ದೊಡ್ಡವ್ವ ಬೂದಿ, ದಾರ ಎರಡನ್ನೂ ಬಿಟ್ಟು ಬಳೆ ಅಂಗಡಿಯಿಂದ ಒಂದು ಪುಡಿಯ ಪ್ಯಾಕೆಟ್ಟು ತರಿಸಿದಳು. ನೀರಲ್ಲಿ ಕಲಸಿ ಹಚ್ಚಿ ಐದು ನಿಮಿಷ ಬಿಟ್ಟು ಒರೆಸಿದರೆ ಕೂದಲು ತಾನೇ ಬರುತ್ತದೆ, ಕೀಳುವ ಗೋಜಿಲ್ಲ, ಗುಳ್ಳೆಯೂ ಏಳುವುದಿಲ್ಲ ಎಂದು ಬಳೆಗಾರ ಹೇಳಿದ್ದನಂತೆ. ಮುಖಕ್ಕೆ ಹಚ್ಚಬಾರದು ಎಂದು ಪ್ಯಾಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಅದನ್ನು ನಾನು ಓದಿದ್ದೆ. ಓದಿ ಸುಮ್ಮನಿದ್ದೆ. ಇದನ್ನು ಮುಚ್ಚಿಡುವುದಿಲ್ಲ: ಆ ಮೀಸೆ ಹೋಗಬೇಕು ಎಂದು ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಆಸೆ ನನಗೇ ಇತ್ತು. ಪುಡಿಗೆ ನೀರು ಬಿದ್ದ ಕೂಡಲೇ ಕೊಳೆತ ಮೊಟ್ಟೆಯ ನಾತ ಎದ್ದಿತು. ನಮ್ಮಂಥ ಶಿವಾಚಾರದ ಮನೆಯಲ್ಲಿ ಮೊಟ್ಟೆಯ ನಾತ! ದೊಡ್ಡವ್ವ ಲೋಬಾನ ಹಾಕಿ ಹೊಗೆ ಎಬ್ಬಿಸಿದಳು. ತುಟಿಯ ಮೇಲೆ, ಗದ್ದದ ಕೆಳಗೆ ಬೆಳ್ಳಗೆ ಮೆತ್ತಿಸಿಕೊಂಡು ನಾನು ಚೌಕದ ಬಿಸಿಲಿನಲ್ಲಿ ಕುಳಿತೆ. ಎರಡು ನಿಮಿಷ ಆಗಿರಬೇಕು, ಮುಂಬಾಗಿಲಿನಿಂದ ದನಿ ಬಂತು.

"ನೀಲಕ್ಕಾ, ಅದಿಯೇನ?"

ಗೌರಕ್ಕ! ದೊಡ್ಡವ್ವ ನನ್ನ ರಟ್ಟೆ ಹಿಡಿದು ಎಬ್ಬಿಸಿ ಕಾಳಿನ ಖೋಲಿಗೆ ತಳ್ಳಿದಳು. ಜೋಳದ ಚೀಲಗಳನ್ನು ಒಟ್ಟಿದ, ಕಿಟಕಿಯೇ ಇಲ್ಲದ ಸಣ್ಣ ಕೋಣೆ ಅದು. ತಳ್ಳುವಾಗ ಕಿವಿಯಲ್ಲಿ ಹೇಳಿದಳು:

"ಒರಸಬ್ಯಾಡ ಮತ್ತ, ಅರ್ಧಂಬರ್ಧ ಹೋದ್ರ ಇನ್ನೂ ಅಸಹ್ಯ ಕಾಣಸ್ತೈತಿ. ಈಗ ಕಳಿಸಿ ಬರತೇನಿ."

ಗೌರಕ್ಕನನ್ನು ಈಗ ಕಳಿಸಿ ಬರುವವರು ಬೈಲಹೊಂಗಲದಲ್ಲಿ ಹುಟ್ಟಿರಲಿಲ್ಲ. ಆಕೆ ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತಳು. ಬಾಗಿಲ ಸಂದಿಯಿಂದ ನನಗೆ ಎಲ್ಲ ಕೇಳಿಸುತ್ತಿತ್ತು.

"ಏನದು ನಾತ?"

"ಇಲಿ ಸತ್ತೈತಿ ಎಲ್ಲೋ. ಅದಕ್ಕ ಲೋಬಾನ ಹಾಕೇನಿ."

"ಸುನಂದಾ ಎಲ್ಲೆದಾಳ?"

"ಹಿತ್ತಲದಾಗ ಅರಬಿ ಒಗ್ಯಾಕ ಕುಂತಾಳ. ಕುಂದರ, ಚಾ ಮಾಡಸ್ತೇನಿ."

ಕುಂದರ ಎಂದದ್ದು ದೊಡ್ಡವ್ವನೇ. ಬಂದವರಿಗೆ ಚಹಾ ಕೊಡದೆ ಕಳಿಸಿದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದು ಅನುಮಾನ ಬರುತ್ತದಲ್ಲ! ಅವ್ವ ಒಲೆ ಹೊತ್ತಿಸಿದಳು. ಗೌರಕ್ಕ ಹುಡುಗನ ತಾಯಿಯ ಸುದ್ದಿ ಶುರುಮಾಡಿದಳು: ಆಕೆ ಭಾಳ ಚೊಕ್ಕ ನೋಡುವವಳು, ಹಿಂದೆ ಒಂದು ಹುಡುಗಿಯ ಕಾಲಬೆರಳು ಸೊಟ್ಟ ಎಂದು ಬಿಟ್ಟು ಬಂದವಳು. ಕತ್ತಲಲ್ಲಿ ಚೀಲಕ್ಕೆ ಬೆನ್ನು ಕೊಟ್ಟು ನಿಂತ ನನಗೆ ಮೊದಲು ಕಚಗುಳಿಯಾಯಿತು, ಆಮೇಲೆ ಬಿಸಿಯಾಯಿತು, ಆಮೇಲೆ ಯಾರೋ ಕಾದ ಸೌಟು ತುಟಿಗೆ ಒತ್ತಿ ಹಿಡಿದಂತಾಯಿತು. ಓಢಣಿ ಕೈಯಲ್ಲೇ ಇತ್ತು. ಒರೆಸಿಕೊಳ್ಳಬಹುದಿತ್ತು. ಒರೆಸಲಿಲ್ಲ. ಬಾಯೊಳಗೆ ಓಢಣಿ ತುರುಕಿಕೊಂಡು, ಗೌರಕ್ಕ ಬಸಿಯಲ್ಲಿ ಚಹಾ ಸುರಿದು ಆರಿಸಿ ಆರಿಸಿ ಕುಡಿಯುವ ಸದ್ದನ್ನು ಕೇಳುತ್ತ ನಿಂತೆ. ಆ ವಯಸ್ಸಿನ ನನ್ನ ಮೇಲೆ ನನಗೆ ಕರುಣೆ ಬರಬೇಕು, ಬರುವುದಿಲ್ಲ. ಹೇಳಿದ ಮಾತನ್ನು ಅಷ್ಟೊಂದು ಕೇಳುವ ಹುಡುಗಿಯನ್ನು ಎಳೆದು ಎರಡು ಬಾರಿಸಬೇಕು ಎನಿಸುತ್ತದೆ.

ಅರ್ಧ ಗಂಟೆಯ ಮೇಲೆ ತೊಳೆದಾಗ ಕೂದಲಿನ ಜೊತೆ ತೊಗಲೂ ಬಂತು. ಮರುದಿನ ಬೆಳಿಗ್ಗೆ ಮೇಲ್ತುಟಿ ಊದಿ ಮೂಗಿಗೆ ತಾಗುವಂತಿತ್ತು. ನೀರು ತುಂಬಿದ ಬೊಕ್ಕೆಗಳು ಗದ್ದದವರೆಗೂ ಎದ್ದಿದ್ದವು, ಒಡೆದಲ್ಲಿ ಹಳದಿ ಹಕ್ಕಳೆ ಕಟ್ಟಿತ್ತು. ನನ್ನನ್ನು ಗಂಡಸರಿಗೆ ಬಡಿಸುವುದರಿಂದ ಬಿಡಿಸಿದರು, ಹೊಟ್ಟೆನೋವು ಎಂದರು. ಅವ್ವ ಮೊದಲ ಸಲ ಬಾಯಿ ಬಿಟ್ಟಳು.

"ಅಕ್ಕಾ, ದವಾಖಾನಿಗೆ ತೋರಿಸೂಣು."

"ಡಾಕ್ಟರ್ ಏನಾತು ಅಂತ ಕೇಳಿದ್ರ ಏನ ಹೇಳತಿ? ಮಗಳಿಗೆ ಮೀಸಿ ಬಂದಿದ್ದು ಅಂತ ಊರಾಗ ಡಂಗುರಾ ಹೊಡಸ್ತಿ?"

ಮೂರನೆಯ ದಿನ ನಾನು ಹಿತ್ತಲಿನ ಬಚ್ಚಲಿನಲ್ಲಿ ಅವ್ವ ಕೊಟ್ಟ ಒದ್ದೆ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಕುಳಿತಿದ್ದೆ. ಗೌರಕ್ಕ ಮೊಸರಿನ ಹೆಪ್ಪು ಕೇಳುವ ನೆಪದಲ್ಲಿ ಹಿಂಬಾಗಿಲಿನಿಂದಲೇ ಬಂದಳು. ಬಟ್ಟೆ ಇಳಿಸಿದೆ, ನೋಡಿಬಿಟ್ಟಳು. ಸದ್ದು ಕೇಳಿ ದೊಡ್ಡವ್ವ ಒಳಗಿನಿಂದ ಓಡಿ ಬಂದಳು. ಬಂದವಳೇ ಕಣ್ಣು ಮಿಟುಕಿಸದೆ ಹೇಳಿದಳು:

"ತಾಯಿ ಬಂದಾಳವಾ ಮನಿಗೆ. ಮೂರ ದಿನಾ ಆತು."

ನಮ್ಮ ಭಾಗದಲ್ಲಿ ಮೈಮೇಲೆ ಬೊಕ್ಕೆ ಎದ್ದರೆ ಅದು ರೋಗವಲ್ಲ, ಎಲ್ಲಮ್ಮ ತಾಯಿ ಮನೆಗೆ ಬಂದದ್ದು. ಗೌರಕ್ಕ ತಕ್ಷಣ ಚಪ್ಪಲಿ ಕಳಚಿ ಬಾಗಿಲಾಚೆ ಎಸೆದಳು, ಸೆರಗನ್ನು ತಲೆಯ ಮೇಲೆ ಹೊದ್ದಳು, ನನ್ನ ಊದಿದ ತುಟಿಗೆ ಕೈ ಮುಗಿದಳು. ಜೀವನದಲ್ಲಿ ಯಾರಾದರೂ ನನ್ನ ಮೀಸೆಗೆ ಕೈ ಮುಗಿದಿದ್ದರೆ ಆಕೆಯೊಬ್ಬಳೇ.

"ತಪ್ಪಾತವ್ವ ತಾಯಿ, ಗೊತ್ತಿಲ್ಲದ ಚಪ್ಪಲಿ ಮೆಟ್ಟಿ ಬಂದೆ."

ಒಂದು ಸುಳ್ಳಿನಿಂದ ಎಷ್ಟು ಕೆಲಸ ಹುಟ್ಟುತ್ತದೆ ಎಂದು ಆ ಒಂಬತ್ತು ದಿನ ನೋಡಿದೆ. ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಿದರು. ತಾಯಿ ಮನೆಯಲ್ಲಿರುವಾಗ ಒಗ್ಗರಣೆ ಚರ್ ಎನ್ನಬಾರದು, ಕರಿಯಬಾರದು, ತಲೆ ಬಾಚಬಾರದು, ಗಂಡಸರು ಗಡ್ಡ ಬೋಳಿಸಬಾರದು. ದೊಡ್ಡಪ್ಪ ಸಪ್ಪೆ ಬೇಳೆಯನ್ನು ನುಂಗಲಾರದೆ ನುಂಗುತ್ತಿದ್ದರು. ಅಪ್ಪನ ಕನ್ನಡಿ ಕಂಬದಿಂದ ಇಳಿಯಿತು, ಅಪ್ಪ, ದೊಡ್ಡಪ್ಪ ಇಬ್ಬರೂ ಗಡ್ಡ ಬಿಟ್ಟುಕೊಂಡು ಅಂಗಡಿಗೆ ಹೋದರು. ನನ್ನನ್ನು ಕಾಳಿನ ಖೋಲಿಯಲ್ಲೇ ಬೇವಿನ ಎಲೆಯ ಮೇಲೆ ಮಲಗಿಸಿದರು. ಮೂರು ಹೊತ್ತು ಬೇವು, ಅರಿಷಿಣ ಅರೆದು ಆ ಹಸಿ ಗಾಯಕ್ಕೆ ಮೆತ್ತುತ್ತಿದ್ದರು, ಏಕೆಂದರೆ ಗೌರಕ್ಕ ದಿನಾ ಬಂದು ನೋಡುತ್ತಿದ್ದಳು, ನೋಡಿದಾಗ ತಾಯಿ ಬಂದ ಮುಖದ ಹಾಗೆಯೇ ಕಾಣಬೇಕಿತ್ತು. ಅವ್ವ ಇನ್ನೊಮ್ಮೆ ದವಾಖಾನೆಯ ಮಾತೆತ್ತಿದಳು. ದೊಡ್ಡವ್ವ, ತಾಯಿ ಬಂದವಳಿಗೆ ಯಾರಾದರೂ ಸೂಜಿ ಹಾಕಿಸುತ್ತಾರೇನು, ಓಣಿ ಏನಂದೀತು ಎಂದು ಬಾಯಿ ಮುಚ್ಚಿಸಿದಳು. ಹೀಗೆ ಡಾಕ್ಟರ ಬಾಗಿಲನ್ನು ಮೊದಲು ಮೀಸೆ ಮುಚ್ಚಿತು, ಆಮೇಲೆ ದೇವಿ ಮುಚ್ಚಿದಳು. ದೇವಿಯನ್ನು ಬೈಯುವುದಿಲ್ಲ, ಆಕೆಗೆ ಇದರಲ್ಲಿ ಏನೂ ಗೊತ್ತಿರಲಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಕಷ್ಟವಾದದ್ದು ಅಪ್ಪ. ಅಪ್ಪ ಅದನ್ನು ನಂಬಿದರು. ನಾಲ್ಕನೆಯ ದಿನ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕಾಳಿನ ಖೋಲಿಯ ಹೊಸ್ತಿಲ ಹೊರಗೆ ನಿಂತರು. ಎಷ್ಟೋ ವರ್ಷಗಳ ಮೇಲೆ ನನ್ನ ಮುಖವನ್ನು ನೇರವಾಗಿ ನೋಡಿದರು, ನೋಡಿ ಕೈ ಮುಗಿದರು.

"ನನ್ನ ಕೂಸಿಗೆ ತ್ರಾಸ ಕೊಡಬ್ಯಾಡವ್ವ ತಾಯಿ. ಗುಡ್ಡಕ್ಕ ಕರಕೊಂಡ ಬರತೇನಿ."

ಅವ್ವ ಅವರ ಹಿಂದೆಯೇ ನಿಂತಿದ್ದಳು. ನಾನು ಆಕೆಯ ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ, ಹೇಳು ಎಂದು. ಆಕೆ ಸೆರಗು ಸರಿಮಾಡಿಕೊಂಡು ಅಡುಗೆಮನೆಗೆ ಹೋದಳು. ನಾನೂ ಹೇಳಲಿಲ್ಲ. ನನಗೆ ಕೈ ಮುಗಿದ ಮನುಷ್ಯನಿಗೆ ಅದು ಬಳೆ ಅಂಗಡಿಯ ಪುಡಿ ಎಂದು ಹೇಗೆ ಹೇಳುವುದು?

ಒಂಬತ್ತನೆಯ ದಿನ ತಾಯಿಯನ್ನು ಕಳಿಸಲು ನನ್ನ ತಲೆಗೆ ನೀರು ಹಾಕಿ, ಮೊಸರನ್ನದ ಎಡೆ ಮಾಡಿ, ಮರುದಿನ ಅಪ್ಪ ನನ್ನನ್ನೂ ಅವ್ವನನ್ನೂ ಕರೆದುಕೊಂಡು ಎಲ್ಲಮ್ಮನ ಗುಡ್ಡಕ್ಕೆಂದು ಸವದತ್ತಿ ಬಸ್ಸು ಹತ್ತಿದರು. ರಾಮದುರ್ಗದವರಿಗೆ ತಾಯಿ ಬಂದ ಸುದ್ದಿ ಗೌರಕ್ಕನೇ ಮುಟ್ಟಿಸಿ, ಬರುವ ದಿನವನ್ನು ಮುಂದಕ್ಕೆ ಹಾಕಿಸಿದ್ದಳು. ಉಗರಗೋಳದಲ್ಲಿ ಅಪ್ಪ ಚಪ್ಪಲಿಯನ್ನು ಕಾಯಿ ಅಂಗಡಿಯವನ ಹತ್ತಿರ ಬಿಟ್ಟರು, ಒಂದು ದೊಡ್ಡ ಪೊಟ್ಟಣ ಭಂಡಾರ, ಅಂದರೆ ದೇವಿಯ ಅರಿಷಿಣ ಪುಡಿ, ಕೊಂಡರು, ಅಲ್ಲಿಂದ ಗುಡ್ಡಕ್ಕೆ ಬರಿಗಾಲಲ್ಲೇ ನಡೆದರು. ಬೇಸಿಗೆಯ ಡಾಂಬರು. ಅಂಗಡಿಯ ಗಾದಿಯ ಮೇಲೆ ಕುಳಿತು ರೂಢಿಯಾದ ಕಾಲು, ನಡುವೆ ಎರಡು ಸಲ ನಿಂತು ಪಾದ ಎತ್ತಿ ನೋಡಿಕೊಂಡದ್ದನ್ನು ಕಂಡೆ. ಗುಡಿಯ ಅಂಗಳದಲ್ಲಿ ನನ್ನನ್ನು ತಮ್ಮೆದುರು ನಿಲ್ಲಿಸಿಕೊಂಡು, ಬೊಗಸೆಯಲ್ಲಿ ಆ ಹಳದಿ ಪುಡಿ ತೆಗೆದು, ಮೊದಲು ಹಣೆಗೆ ಹಚ್ಚಿದರು. ಆಮೇಲೆ ತಾಯಿ ಬಂದ ಜಾಗ ಇದೇ ಅಲ್ಲವೇ ಎಂದು ಹೆಬ್ಬೆರಳಿನಿಂದ ತುಟಿಯ ಮೇಲೆ, ಗದ್ದದ ಮೇಲೆ ನಿಧಾನವಾಗಿ ಒತ್ತಿ ತಿಕ್ಕಿದರು. ಹಕ್ಕಳೆ ಬಿಚ್ಚಿ ಒಳಗಿನ ಹಸಿ ಮಾಂಸಕ್ಕೆ ಪುಡಿ ಇಳಿಯಿತು. ನನಗೆ ಕಣ್ಣು ಕತ್ತಲೆಗಟ್ಟಿತು, ಧಾರೆಧಾರೆ ನೀರು ಬಂತು. ಅಪ್ಪ ಅದನ್ನು ಭಕ್ತಿ ಎಂದುಕೊಂಡರು. ಅವರ ಕಣ್ಣಲ್ಲೂ ನೀರು ಬಂತು. ಉಧೋ ಉಧೋ ಎಂದು ಜೋರಾಗಿ ಕೂಗಿದರು. ಅವ್ವ ಕಾಯಿಯ ಬುಟ್ಟಿ ಹಿಡಿದುಕೊಂಡು ಕಂಬದ ನೆರಳಿನಲ್ಲಿ ನಿಂತಿದ್ದಳು.

ಹಕ್ಕಳೆ ಉದುರಿದ ಮೇಲೆ ಕನ್ನಡಿ ನೋಡಿಕೊಂಡರೆ ತುಟಿಯ ಮೇಲೆ, ಈ ಕೊನೆಯಿಂದ ಆ ಕೊನೆಗೆ, ಕಂದು ಬಣ್ಣದ ಕಲೆ. ಕೂದಲು ಹೋಗಿತ್ತು, ಮೀಸೆ ಉಳಿದಿತ್ತು. ಮೊದಲಿನದನ್ನು ಬಿಸಿಲಿನಲ್ಲಿ ಹತ್ತಿರ ಬಂದವರು ಮಾತ್ರ ಕಾಣುತ್ತಿದ್ದರು, ಇದು ಓಣಿಯ ಆ ತುದಿಗೂ ಕಾಣುತ್ತಿತ್ತು. ದೊಡ್ಡವ್ವ ಅದರ ಮೇಲೆ ಎರಡು ಪದರ ಪೌಡರು ಬಡಿದಳು. ರಾಮದುರ್ಗದವರು ಹುಡುಗ, ಹುಡುಗನ ತಾಯಿ, ಸೋದರಮಾವ ಎಂದು ಮೂವರು ಬಂದರು. ಗೌರಕ್ಕ ಮುಂದೆ ಮುಂದೆ ಇದ್ದಳು. ಪಡಸಾಲೆಯಲ್ಲಿ ಜಮಖಾನೆ ಹಾಸಿ, ಶಿರಾ, ಅವಲಕ್ಕಿ ಇಟ್ಟರು. ನಾನು ಚಹಾದ ತಾಟು ಹಿಡಿದು ಹೋಗಿ ಕುಳಿತೆ. ಹುಡುಗನ ಮುಖ ನನಗೆ ನೆನಪಿಲ್ಲ. ಆತನ ತಾಯಿಯದು ಚೆನ್ನಾಗಿ ನೆನಪಿದೆ: ತೆಳ್ಳಗಿನ ಹೆಂಗಸು, ಕಾಸಗಲ ಕುಂಕುಮ, ನಿಧಾನದ ಮಾತು. ಪೌಡರಿನ ಕೆಳಗಿನ ಕಲೆಯನ್ನು ಆಕೆ ಕುಳಿತ ಕೂಡಲೇ ಕಂಡಳು.

"ತಾಯಿ ಬಂದಿದ್ಲಂತಲ್ರಿ. ಪುಣ್ಯೇದ ಮಾತು. ಆದ್ರ ತಾಯಿ ಬಂದ್ರ ಮೈತುಂಬ ಏಳತಾವ. ಕೈ ಮ್ಯಾಲೆ ಒಂದೂ ಕಲಿ ಇಲ್ಲ, ಕುತಿಗ್ಯಾಗ ಒಂದೂ ಇಲ್ಲ. ಈಕೀಗೆ ಬಾಯಿ ಸುತ್ತಲೂ ಅಷ್ಟ ಹೆಂಗ ಎದ್ವ್ರಿ?"

ದೊಡ್ಡವ್ವ ನಗುತ್ತ, ದೇವಿ ಎಲ್ಲಿ ಏಳಬೇಕು ಅಂತ ನಾವು ಹೇಳಾಕ ಬರ್ತೈತೇನ್ರಿ ಎಂದಳು. ಆ ಹೆಂಗಸು ನಗಲಿಲ್ಲ.

"ತೊನ್ನು ಗಿನ್ನು, ಮತ್ತೇನರೆ ಇದ್ರ ಈಗ ಹೇಳಿಬಿಡ್ರಿ. ಆಮ್ಯಾಲೆ ಮನಸ್ತಾಪ ಬ್ಯಾಡ."

ಅಪ್ಪನ ಮುಖ ಕೆಂಪಾಯಿತು. ಹೆಚ್ಚು ಮಾತಿನ ಮನುಷ್ಯರಲ್ಲ, ಅಂಗಡಿಯಲ್ಲೂ ದನಿ ಎತ್ತಿದವರಲ್ಲ. ಎದ್ದು ದೇವರ ಮನೆಗೆ ಹೋದರು, ಗುಡ್ಡದಿಂದ ತಂದ ಭಂಡಾರದ ಬಟ್ಟಲು ಎತ್ತಿಕೊಂಡು ಬಂದು ಜಮಖಾನೆಯ ನಡುವೆ ಇಟ್ಟರು. ನಮ್ಮಲ್ಲಿ ಭಂಡಾರ ಮುಟ್ಟಿ ಆಡಿದ ಮಾತಿನ ಮೇಲೆ ಇನ್ನೊಂದು ಮಾತಿಲ್ಲ. ಹೊಲದ ಜಗಳಗಳು ಅದರಿಂದ ಮುಗಿಯುತ್ತವೆ. ಅದನ್ನು ಮುಟ್ಟಿ ಸುಳ್ಳು ಹೇಳಿದವನ ಮನೆ ಉಳಿಯುವುದಿಲ್ಲ ಎಂದು ಅಪ್ಪ ಮನಸಾರೆ ನಂಬಿದ್ದರು. ದೊಡ್ಡವ್ವನೂ ನಂಬಿದ್ದಳು, ಆಕೆಯ ಬಾಯಿ ತೆರೆದದ್ದು ಹಾಗೆಯೇ ನಿಂತಿತ್ತು. ಆದರೂ ಬೇಡ ಎನ್ನಲಿಲ್ಲ. ಬಾಗಿಲ ಹಿಂದೆ ನಿಂತ ಅವ್ವನೂ ಬೇಡ ಎನ್ನಲಿಲ್ಲ.

"ನನ್ನ ಮಗಳಿಗೆ ಏನೂ ರೋಗ ಇಲ್ರಿ. ತಾಯೀನ ಬಂದಿದ್ಲು. ಇಕಾ, ಭಂಡಾರ ಮುಟ್ಟಿ ಹೇಳತೇನಿ..."

ಅವರ ಬೆರಳು ಬಟ್ಟಲಿನ ಅಂಚಿಗೆ ಬಂದಿತ್ತು. ನಾನು ಬಟ್ಟಲನ್ನು ಎಳೆದುಕೊಂಡೆ. ಅರ್ಧ ಭಂಡಾರ ಜಮಖಾನೆಯ ಮೇಲೆ ಚೆಲ್ಲಿತು.

"ಮುಟ್ಟಬ್ಯಾಡ್ರಿ ಅಪ್ಪಾ. ತಾಯಿ ಬಂದಿಲ್ಲ. ನನಗ ಮೀಸಿ ಬರ್ತಾವು. ಪುಡಿ ಹಚ್ಚಿ ತಗದ್ರು, ಸುಟ್ಟತು."

ಓಣಿಯಲ್ಲಿ ಸೈಕಲ್ಲಿನ ಗಂಟೆ ಬಾರಿಸುತ್ತ ಯಾರೋ ಹೋದರು. ಗೌರಕ್ಕ ನನ್ನ ತುಟಿಯನ್ನೂ ತಾನು ಅಂದು ಮುಗಿದ ತನ್ನ ಕೈಗಳನ್ನೂ ನೋಡಿಕೊಂಡಳು. ಹುಡುಗ ಶಿರಾದ ಬಸಿಯನ್ನು ಕೆಳಗಿಟ್ಟ. ಆತನ ತಾಯಿ ಸಾವಕಾಶವಾಗಿ ಎದ್ದಳು.

"ಮೀಸಿ ಇದ್ರ ಇರವಲ್ದಾಕ ಅಂತಿದ್ನೆವಾ. ದೇವಿ ಹೆಸರ ಹೇಳಿ ಸುಳ್ಳ ಆಡೋ ಮನಿ ನಮಗ ಬ್ಯಾಡ."

ಇರಲಿ ಎನ್ನುತ್ತಿದ್ದಳೋ ಇಲ್ಲವೋ, ಕಾಲಬೆರಳಿಗೆ ಹುಡುಗಿ ಬಿಟ್ಟವಳು! ಎದ್ದು ಹೋಗಲು ಆಕೆಗೆ ನಾನೇ ಒಳ್ಳೆಯ ಕಾರಣ ಕೊಟ್ಟಿದ್ದೆ. ಅವರು ಹೊಸ್ತಿಲು ದಾಟುವವರೆಗೆ ಕಾದು ದೊಡ್ಡವ್ವ ನನ್ನ ಜಡೆಗೆ ಕೈ ಹಾಕಿದಳು. ಮನೆಯ ಮರ್ಯಾದೆ ತೆಗೆದೆ, ನಾಲ್ಕು ವರ್ಷ ನಿನ್ನ ಮೀಸೆ ಕಿತ್ತ ಕೈಗೆ ಇದೇನಾ ಮರ್ಯಾದೆ ಎಂದು ಗೋಡೆಗೆ ನೂಕಿದಳು. ದೊಡ್ಡಪ್ಪ ಅಂಗಡಿಗೆ ಹೊರಟುಹೋದರು. ಅವ್ವ ಬಂದಳು, ಬಿಡಿಸಲು ಬಂದಳು ಎಂದುಕೊಂಡೆ. ಬಂದವಳು ನನ್ನ ಕೆನ್ನೆಗೆ ಒಂದು ಬಿಟ್ಟಳು. ಎಲ್ಲರ ಮುಂದೆ ಹೇಳಬೇಕಿತ್ತೇನು, ಆಮೇಲೆ ಹೇಳಿದ್ದರೆ ಬಾಯಿ ಸವೆಯುತ್ತಿತ್ತೇನು ಎಂದಳು. ಆಮೇಲೆ ಎಂದರೆ ಯಾವಾಗ? ಅಪ್ಪ ಭಂಡಾರ ಮುಟ್ಟಿ ಸುಳ್ಳು ಹೇಳಿದ ಆಮೇಲೆಯೇ? ಕೇಳಿದೆ. ಅದಕ್ಕೆ ಇನ್ನೊಂದು ಬಿತ್ತು. ಅಂದಿನಿಂದ ನಾನು ಮನೆ ಬಿಡುವವರೆಗೆ ದೊಡ್ಡವ್ವ ನನ್ನ ಹೆಸರು ಹಿಡಿದು ಕರೆಯಲಿಲ್ಲ, ಬುಧವಾರಗಳೂ ನಿಂತವು. ತರಬೇತಿಯ ಅರ್ಜಿಗೆ ಅಪ್ಪ ಮಾತಿಲ್ಲದೆ ಸಹಿ ಹಾಕಿದರು. ಮುಂದೆ ಹೂಲಿಯ ಶಾಲೆಯಲ್ಲಿ ಶಿಕ್ಷಕಿಯಾಗಿದ್ದಾಗ ಮತ್ತೆ ಬಂದ ಮೀಸೆಯನ್ನು ನನಗೆ ಬೇಕಾದಾಗ ತೆಗೆದೆ, ಬೇಡವಾದಾಗ ಬಿಟ್ಟೆ. ಉರಿದರೆ ತಣ್ಣೀರಿನ ಬಟ್ಟೆ ಒತ್ತಿ ಸುಮ್ಮನೆ ಬಿಡಬೇಕು, ಮೇಲೆ ಮೇಲೆ ಏನೂ ಬಳಿಯಬಾರದು. ಅಷ್ಟು ಕಲಿಯಲು ನನಗೆ ಒಂದು ಮುಖ ಖರ್ಚಾಯಿತು.

ಆದರೆ ಆ ಮಧ್ಯಾಹ್ನ ಇನ್ನೂ ಮುಗಿದಿರಲಿಲ್ಲ. ಎಲ್ಲರೂ ಒಳಗೆ ಹೋದ ಮೇಲೆ ನಾನು ಪಡಸಾಲೆಯಲ್ಲಿ ಜಮಖಾನೆ ಝಾಡಿಸುತ್ತಿದ್ದೆ. ಅಪ್ಪ ಕಂಬಕ್ಕೆ ಒರಗಿ ಕುಳಿತೇ ಇದ್ದರು. ಬೈಯುತ್ತಾರೆ ಎಂದುಕೊಂಡೆ, ಬೈದರೆ ತಿರುಗಿ ಹೇಳಲು ನಾಲ್ಕು ಮಾತು ಕೂಡಿಸಿಟ್ಟುಕೊಂಡಿದ್ದೆ. ಅವರು ಗೋಡೆಗಲ್ಲ, ನನಗೇ ಕೇಳಿದರು:

"ಗುಡ್ಡದಾಗ ನಾ ಹಚ್ಚಿದಾಗ... ಉರೀತೇನವಾ?"

ಇಲ್ಲ ಅನ್ನಬಹುದಿತ್ತು. ಸ್ವಲ್ಪ ಎನ್ನಬಹುದಿತ್ತು. ಆ ಮನೆಯಲ್ಲಿ ಹುಟ್ಟಿದ ಯಾವ ಹೆಣ್ಣಾದರೂ ಹಾಗೆಯೇ ಹೇಳುತ್ತಿದ್ದಳು, ಹೇಳಿ ಅವರಿಗೆ ಒಂದು ಲೋಟ ನೀರು ತಂದುಕೊಡುತ್ತಿದ್ದಳು.

"ಭಾಳ ಉರೀತು," ಎಂದೆ.

ಅವರು ತಮ್ಮ ಹೆಬ್ಬೆರಳನ್ನು ತಿರುಗಿಸಿ ನೋಡಿಕೊಂಡರು. ನಾನು ಜಮಖಾನೆ ಮಡಚಿ ಎತ್ತಿಟ್ಟೆ.